ದೊಡ್ಡ ಆಶೆಯೂ ಮನೆಯವರ ಪಾಲೂ



ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಹಾದುಹೋಗುವವರ ಕಿವಿಗೆ ಮಗ್ಗದ ಸಪ್ಪಳವು ಬೀಳದೆ ಇರದು. ಕುಣಿಯಲ್ಲಿ ಕಾಲಿಟ್ಟು ಕುಳಿತು ಲಾಳಿಯನ್ನು ಎಸೆಯುವವನು ಒಬ್ಬನೇ. ಆದರೆ ಆತನ ಬೆನ್ನ ಹಿಂದೆ ಕಂಡಿಕೆ ಸುತ್ತುವವಳು ಹೆಂಡತಿ. ನೂಲಿನ ಸಿಕ್ಕು ಬಿಡಿಸುವವಳು ಮುದುಕಿಯಾದ ತಾಯಿ. ಕರೆದ ಕೂಡಲೇ ಆಟವನ್ನು ಬಿಟ್ಟು ಓಡಿಬಂದು ಕೈಗೆ ಕೈ ಕೊಡುವವಳು ಎಂಟು ವರುಷದ ಮಗಳು. ಸೀರೆಯು ಪೇಟೆಗೆ ಹೋದಾಗಲಾದರೋ ಇದು ಇಂಥವನು ನೇಯ್ದದ್ದೆಂದು ಒಬ್ಬನ ಹೆಸರನ್ನೇ ಹೇಳುವರು. ಹಾಗೆ ಹೇಳುವದು ಸುಳ್ಳಲ್ಲ. ಪೂರಾ ನಿಜವೂ ಅಲ್ಲ.

ಈ ತಿಂಗಳ ಪಾಠಕ್ಕೆ ತೆಗೆದುಕೊಂಡ ವಿಷಯವು ಇದಕ್ಕೆ ಹತ್ತಿರವಾದದ್ದು. ದೊಡ್ಡ ಆಶೆಯೊಂದು ಒಬ್ಬನ ಎದೆಯಲ್ಲಿ ಹುಟ್ಟುವದು. ಅದರ ಬೆಲೆಯನ್ನು ಮನೆಯವರೆಲ್ಲರೂ ಹಂಚಿಕೊಂಡು ತೆರುವರು. ತೆರುವದಕ್ಕೆ ನಿಮಗೆ ಮನಸ್ಸುಂಟೋ ಎಂದು ಮೊದಲು ಅವರನ್ನು ಕೇಳುವವರು ಅಪರೂಪ. ಇದನ್ನು ತಿಳಿಯುವದಕ್ಕೆ ದೂರದ ದೇಶಗಳ ದೃಷ್ಟಾಂತಗಳನ್ನು ಹುಡುಕಬೇಕಾಗಿಲ್ಲ. ನಮ್ಮ ರೋಣ ನರಗುಂದಗಳ ಮಣ್ಣಿನಲ್ಲಿಯೇ ಅವು ಸಿಕ್ಕುವವು.

ನರಗುಂದದ ಗುಡ್ಡವನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಅಲ್ಲಿಯ ಸಂಸ್ಥಾನಿಕನಾಗಿದ್ದ ಭಾಸ್ಕರರಾವ್ ಭಾವೆ ಎಂಬವನಿಗೆ, ಅಂದರೆ ಜನರು ಬಾಬಾಸಾಹೇಬನೆಂದು ಕರೆಯುವ ಅರಸನಿಗೆ, ಗಾದಿಗೆ ಬರತಕ್ಕ ಮಗನಿರಲಿಲ್ಲ. ದತ್ತಕ ತೆಗೆದುಕೊಳ್ಳಲಿಕ್ಕೆ ಕಂಪನಿ ಸರಕಾರವು ಒಪ್ಪಿಗೆ ಕೊಡಲಿಲ್ಲ. ತನ್ನ ತರುವಾಯ ಮನೆತನವು ಅಳಿದುಹೋಗಬಾರದೆಂಬ ಆಶೆಯೂ, ಅದಕ್ಕೆ ಅಡ್ಡ ಬಂದವರ ಮೇಲಿನ ಸಿಟ್ಟೂ ಆತನಲ್ಲಿ ವರುಷದಿಂದ ವರುಷಕ್ಕೆ ಬೆಳೆದವು. 1858ನೇ ಇಸವಿ ಮೇ 29ರ ರಾತ್ರಿ ಸುರೇಬಾನದಲ್ಲಿ ಇಳಿದುಕೊಂಡಿದ್ದ ಪೊಲಿಟಿಕಲ್ ಏಜಂಟ್ ಮ್ಯಾನ್ಸನ್ ಎಂಬವನು ಅರಸನ ಕಡೆಯವರಿಂದ ಹತನಾದನು. ಜೂನ್ ತಿಂಗಳ ಆರಂಭದಲ್ಲಿ ಕೋಟೆಯು ಬ್ರಿಟಿಷ್ ದಂಡಿನ ಕೈವಶವಾಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಅರಸನನ್ನು ಗಲ್ಲಿಗೇರಿಸಿದರು. ಇಷ್ಟೆಲ್ಲಾ ಆದದ್ದು ಹದಿನಾಲ್ಕು ದಿನಗಳೊಳಗೆ. ನೆರೆಯ ರಾಮದುರ್ಗದ ಒಡೆಯನು ಆತನ ಮಲಸಹೋದರನಾಗಿದ್ದರೂ ಎದುರು ಪಕ್ಷದಲ್ಲಿಯೇ ನಿಂತನು. ಅರಸನ ತಾಯಿಯೂ ಹೆಂಡತಿಯೂ ಮಲಪ್ರಭಾ ಹೊಳೆಯಲ್ಲಿ ಬಿದ್ದು ಪ್ರಾಣ ಬಿಟ್ಟರು.

ಬಾಬಾಸಾಹೇಬನ ಆಶೆಯು ಅನ್ಯಾಯವಾದದ್ದೆಂದು ನಾನು ಹೇಳುವದಿಲ್ಲ. ಮನೆಯು ನಿಲ್ಲಬೇಕೆಂಬದು ಯಾರ ಆಶೆಯಲ್ಲ? ಆತನ ಹೆಸರನ್ನು ಈ ಹೊತ್ತಿಗೂ ನಮ್ಮ ನಾಡು ಗೌರವದಿಂದ ನೆನೆಯುವದು, ಅದು ಯುಕ್ತವೇ. ಆದರೆ ಈ ಕಥೆಯನ್ನು ಹೇಳುವವರು ಕೋಟೆಯನ್ನೂ ತೋಪುಗಳನ್ನೂ ಗಲ್ಲನ್ನೂ ವಿಸ್ತಾರವಾಗಿ ವರ್ಣಿಸಿ, ಹೊಳೆಯ ಸಂಗತಿಯನ್ನು ಕಡೆಯ ಒಂದು ವಾಕ್ಯದಲ್ಲಿ ಮುಗಿಸಿಬಿಡುವದನ್ನು ನಾನು ಎಷ್ಟೋ ಸಾರಿ ಕೇಳಿದ್ದೇನೆ. ಮನೆಯನ್ನು ಉಳಿಸಬೇಕೆಂದು ಹೊರಟ ಕೆಲಸದಲ್ಲಿ ಮನೆಯೊಳಗಿದ್ದವರೇ ಉಳಿಯಲಿಲ್ಲವೆಂಬದು ಕಡೆಯ ವಾಕ್ಯಕ್ಕೆ ತಕ್ಕ ಮಾತಲ್ಲ.

ಇದು ಅರಸರ ಸಂಗತಿ, ನಮ್ಮಂಥ ಬಡವರಿಗೇನು ಎಂದು ಯಾರಾದರೂ ಕೇಳಬಹುದು. ಹಾಗಾದರೆ ನರಗುಂದದಿಂದ ರೋಣಕ್ಕೆ ಬರೋಣ. ಅರಮನೆಯನ್ನು ಬಿಟ್ಟು ಒಬ್ಬ ಸಾಲೀ ಮಾಸ್ತರರ ಮನೆಗೆ ಹೋಗೋಣ. ಇಲ್ಲಿ ತೋಪಿಲ್ಲ, ಕತ್ತಿಯಿಲ್ಲ, ಯಾರೂ ಹೊಳೆಗೆ ಬೀಳಲಿಲ್ಲ. ಆದರೆ ಬೆಲೆಯು ಹದಿನಾಲ್ಕು ದಿನಗಳಲ್ಲಿ ತೀರದೆ ಬಹಳ ವರುಷ ನಡೆಯಿತು.

ಹಿಂದುಸ್ತಾನೀ ಸಂಗೀತದಲ್ಲಿ ಲೋಕಪ್ರಸಿದ್ಧರಾದ ಪಂಡಿತ ಭೀಮಸೇನ ಜೋಶಿಯವರು 1922ನೇ ಇಸವಿ ಫೆಬ್ರುವರಿ 4ರಂದು ರೋಣದಲ್ಲಿ ಹುಟ್ಟಿದರು. ಆಗ ಇದು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು; ಗದಗವು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ತಂದೆ ಗುರುರಾಜ ಜೋಶಿಯವರು ಸಾಲೀ ಮಾಸ್ತರರು. ಕಾಲಕ್ರಮದಲ್ಲಿ 16 ಮಂದಿ ಮಕ್ಕಳಾದ ಆ ಮನೆಯಲ್ಲಿ ಭೀಮಸೇನನೇ ಹಿರಿಯನು. ಹೆತ್ತ ತಾಯಿಯು ಆತನ ಎಳೆಯ ಪ್ರಾಯದಲ್ಲಿ ತೀರಿಹೋದದರಿಂದ ಮಲತಾಯಿಯು ಸಾಕಿದಳು.

ಹುಡುಗನಿಗೆ ಹಾಡೆಂದರೆ ಹುಚ್ಚು. ಬೀದಿಯಲ್ಲಿ ವಾದ್ಯದವರು ಮೆರವಣಿಗೆಯಾಗಿ ಹೋದರೆ ಅವರ ಹಿಂದೆಯೇ ನಡೆದು, ಎಲ್ಲಿಯೋ ದಣಿದು, ಅಲ್ಲಿಯೇ ಮಲಗಿ ನಿದ್ರೆ ಹೋಗುವನು. ಮನೆಯವರು ಊರೆಲ್ಲಾ ಹುಡುಕಿ ಸಿಕ್ಕದೆ ಪೋಲೀಸರ ಬಳಿಗೆ ಹೋಗುವರು. ಹೀಗೆ ಮೇಲಿಂದ ಮೇಲೆ ಆದದರಿಂದ ಬೇಸತ್ತ ತಂದೆಯು ಒಂದು ಉಪಾಯ ಮಾಡಿದರು. ಮಗನ ಅಂಗಿಗಳ ಮೇಲೆ, ಈತನು ಜೋಶಿ ಮಾಸ್ತರರ ಮಗನು ಎಂಬರ್ಥದ ಮಾತನ್ನು ಬರೆದುಬಿಟ್ಟರು. ಆ ಮೇಲೆ ಹುಡುಗನನ್ನು ಎಲ್ಲಿ ಕಂಡರೂ ಜನರು ಬರಹವನ್ನು ಓದಿ ಮನೆಗೆ ತಂದು ಮುಟ್ಟಿಸುವರು. ವಾಚಕರೇ, ಈ ಅಂಗಿಯನ್ನು ಮರೆಯಬೇಡಿರಿ. ಇದನ್ನು ಓದಿ ನಗುವವರೇ ಹೆಚ್ಚು. ಮೊದಲನೇ ಸಾರಿ ಓದಿದಾಗ ನಾನೂ ನಕ್ಕೆನು. ಆದರೆ ಮಗನು ಎಂದಾದರೂ ಒಂದು ದಿನ ತನ್ನ ಕೈಬಿಟ್ಟು ಹೋಗುವನೆಂದು ಬಲ್ಲ ತಂದೆಯಲ್ಲದೆ ಅಂಗಿಯ ಮೇಲೆ ಹಾಗೆ ಬರೆಯುವವನು ಯಾರು?

ಆ ದಿನವು 1933ರಲ್ಲಿ ಬಂತು. ಉಸ್ತಾದ್ ಅಬ್ದುಲ್ ಕರೀಮ್ ಖಾನರ ಹಾಡನ್ನು ಗ್ರಾಮಫೋನ್ ರಿಕಾರ್ಡಿನಲ್ಲಿ ಕೇಳಿದಂದಿನಿಂದ, ತಾನೂ ಹಾಗೆಯೇ ಹಾಡಬೇಕು, ಅದಕ್ಕೆ ತಕ್ಕ ಗುರುವು ಸಿಕ್ಕಬೇಕು ಎಂಬದೊಂದೇ ಹುಡುಗನ ಧ್ಯಾನವಾಯಿತು. ಊಟದಲ್ಲಿ ತುಪ್ಪ ಹಾಕಿಸಿಕೊಳ್ಳುವ ವಿಷಯವಾಗಿ ಜಗಳವಾಗಿ ಮನೆ ಬಿಟ್ಟನೆಂಬ ಮಾತು ಪ್ರಚಾರದಲ್ಲಿ ಉಂಟು. ತುಪ್ಪವು ನೆವವೇ ಹೊರತು ಕಾರಣವಲ್ಲ. ಹನ್ನೊಂದು ವರುಷದ ಪ್ರಾಯದಲ್ಲಿ, ಕೈಯಲ್ಲಿ ಕಾಸಿಲ್ಲದೆ, ರೈಲಿನಲ್ಲಿ ಜೊತೆ ಪ್ರಯಾಣಿಕರ ದಯೆಯಿಂದಲೂ ಹಾಡಿ ತೋರಿಸಿದ್ದಕ್ಕೆ ಸಿಕ್ಕ ಕರುಣೆಯಿಂದಲೂ ವಿಜಾಪುರ, ಪುಣೆ, ಗ್ವಾಲಿಯರ್, ಲಖನೌ, ರಾಂಪುರ, ಕಲ್ಕತ್ತ, ದಿಲ್ಲಿ ಎಂದು ಹೆಚ್ಚುಕಡಿಮೆ ಮೂರು ವರುಷ ಉತ್ತರ ದೇಶವನ್ನೆಲ್ಲಾ ತಿರುಗಿದನು. ಕಡೆಗೆ ಪಂಜಾಬಿನ ಜಾಲಂಧರದಲ್ಲಿ ತಂದೆಯು ಆತನನ್ನು ಪತ್ತೆಹಚ್ಚಿ ಮನೆಗೆ ಕರತಂದರು.

ಈ ಮೂರು ವರುಷಗಳನ್ನು ಕುರಿತು ಬರೆಯುವವರು ಹುಡುಗನ ಸಾಹಸವನ್ನೇ ಬರೆಯುವರು. ಸಾಹಸವು ಹೌದು. ನಾವು ಸ್ವಲ್ಪ ಹೊತ್ತು ಗದಗದ ಮನೆಯಲ್ಲಿ ಕುಳಿತುಕೊಳ್ಳೋಣ. ಹಿರಿಯ ಮಗನು ಇಲ್ಲ. ಸತ್ತಿದ್ದರೆ ಅತ್ತು ಮುಗಿಸಬಹುದು, ಬದುಕಿದ್ದರೆ ಎಲ್ಲಿ? ಚಿಕ್ಕ ಮಕ್ಕಳು ಅಣ್ಣ ಎಲ್ಲಿ ಎಂದು ಕೇಳಿದರೆ ಏನು ಹೇಳುವದು? ಸಾಕಿದ ತಾಯಿಗಾದರೋ ಇನ್ನೊಂದು ಕಷ್ಟ. ಮಲತಾಯಿಯ ಮನೆಯಿಂದ ಹುಡುಗನು ಓಡಿಹೋದನೆಂದರೆ ಓಣಿಯ ಜನರು ಏನನ್ನುವರೆಂಬದು ನಮ್ಮ ಊರುಗಳನ್ನು ಬಲ್ಲ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮಾಸ್ತರಿಕೆಯ ಸಂಬಳದಲ್ಲಿ ತುಂಬಿದ ಮನೆಯನ್ನು ಸಾಗಿಸುವ ತಂದೆಯು ಸಾವಿರ ಮೈಲು ದೂರ ಮಗನನ್ನು ಹುಡುಕುತ್ತಾ ಹೋದರೆ ಆ ಖರ್ಚು ಯಾವ ಬಾಬಿನಿಂದ ಬರುವದು? ಮನೆಯವರ ಹೊಟ್ಟೆ ಬಟ್ಟೆಗಳಿಂದಲೇ ಬರಬೇಕಲ್ಲವೇ?

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾರೆನು. ಜಾಲಂಧರದಲ್ಲಿ ಪಂಡಿತ ವಿನಾಯಕರಾವ್ ಪಟವರ್ಧನರು ಈ ಹುಡುಗನನ್ನು ಕಂಡು, ನಿನ್ನ ಊರಿನ ಹತ್ತಿರವೇ ಸವಾಯಿ ಗಂಧರ್ವರಿದ್ದಾರೆ, ಅವರಲ್ಲಿಗೆ ಹೋಗು ಎಂದು ಬುದ್ಧಿ ಹೇಳಿದರಂತೆ. ಸವಾಯಿ ಗಂಧರ್ವರೆಂದರೆ ಕುಂದಗೋಳದ ರಾಮಭಾವು. ಅಬ್ದುಲ್ ಕರೀಮ್ ಖಾನರ ಶಿಷ್ಯರೇ ಅವರು! ಕುಂದಗೋಳವು ಗದಗದಿಂದ ಹುಬ್ಬಳ್ಳಿಯ ಮೇಲೆ ಹಾದು ಅರ್ಧ ದಿನದೊಳಗೆ ಸೇರಬಹುದಾದ ಊರು. ದೊಡ್ಡ ಆಶೆಯುಳ್ಳವನ ಕಣ್ಣು ಯಾವಾಗಲೂ ದೂರವನ್ನೇ ನೋಡುವದು. ಹತ್ತಿರದಲ್ಲಿರುವದು ಆತನಿಗೆ ಕಾಣುವದಕ್ಕೆ ಬಹಳ ಕಾಲ ಬೇಕು. ಗುರುವಾದರೂ ಸರಿ, ಮನೆಯವರಾದರೂ ಸರಿ.

ಆದರೆ ಗುರುರಾಜ ಮಾಸ್ತರರು ಮಗನನ್ನು ಹಿಂದಕ್ಕೆ ತಂದು ಏನು ಮಾಡಿದರು? ಕೋಣೆಯಲ್ಲಿ ಕೂಡಿಹಾಕಲಿಲ್ಲ. 1936ರಲ್ಲಿ ಸವಾಯಿ ಗಂಧರ್ವರು ಹುಡುಗನನ್ನು ಶಿಷ್ಯನಾಗಿ ತೆಗೆದುಕೊಂಡರು. ತಿರುಗಿ ಸಿಕ್ಕಿದ ಮಗನನ್ನು ತಾವಾಗಿಯೇ ತಿರುಗಿ ಬಿಟ್ಟುಕೊಟ್ಟ ಆ ತಂದೆಯನ್ನು ನಾನು ಬಹಳ ದೊಡ್ಡವರೆಂದು ಎಣಿಸುತ್ತೇನೆ. ಹುಡುಗನು ಗುರುವಿನ ಮನೆಯಲ್ಲಿಯೇ ಇದ್ದು, ನೀರು ಹೊತ್ತು, ಮನೆಗೆಲಸ ಮಾಡಿ, ನಾಲ್ಕು ವರುಷಗಳಷ್ಟು ಕಾಲ ವಿದ್ಯೆಯನ್ನು ಕಲಿತನು. 1941ರಲ್ಲಿ, ಹತ್ತೊಂಭತ್ತನೇ ವಯಸ್ಸಿನಲ್ಲಿ, ಮೊದಲನೇ ಕಚೇರಿ ಮಾಡಿದನು.

ಅದೇ ಗುರುವಿನ ಬಳಿಯಲ್ಲಿ ಕಲಿತ ಇನ್ನೊಬ್ಬರು ಗಂಗೂಬಾಯಿ ಹಾನಗಲ್. ಅವರ ಆಶೆಯು ಭೀಮಸೇನರ ಆಶೆಗಿಂತ ಚಿಕ್ಕದಾಗಿರಲಿಲ್ಲ. ಆದರೆ ಹೆಂಗಸಾದದರಿಂದ ಟಿಕೀಟಿಲ್ಲದ ರೈಲನ್ನೇರಿ ಗ್ವಾಲಿಯರಕ್ಕೆ ಓಡಿಹೋಗುವ ದಾರಿಯು ಅವರಿಗಿರಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಮನೆಗೆ ತಿರುಗಿ ಬರುವರು, ಮನೆಯಲ್ಲಿ ಮಕ್ಕಳಿದ್ದರು. ಇವರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತವನ್ನು ಚೆನ್ನಾಗಿ ಬಲ್ಲವರು. ಮಗಳು ಕಲಿಯುವ ಹಿಂದುಸ್ತಾನೀ ಪದ್ಧತಿಗೆ ತನ್ನ ಹಾಡಿನಿಂದ ಕೆಡಕಾಗಬಾರದೆಂದು ಆ ತಾಯಿಯು ತಾನು ಹಾಡುವದನ್ನೇ ನಿಲ್ಲಿಸಿಬಿಟ್ಟಳು. ಮಗಳ ಧ್ವನಿಯು ಏಳಬೇಕೆಂದು ತಾಯಿಯ ಧ್ವನಿಯು ಅಡಗಿತು. ಮುಂದೆ ಗಂಗೂಬಾಯಿಯವರ ಮಗಳಾದ ಕೃಷ್ಣಾ ಹಾನಗಲ್ ಅವರು ತಾನೂ ಒಳ್ಳೇ ಗಾಯಕಿಯಾಗಿದ್ದು, ತನ್ನ ಆಯುಷ್ಯದ ಬಹು ಭಾಗವನ್ನು ತಾಯಿಯ ಹಿಂದೆ ಕುಳಿತು ಸ್ವರ ಕೂಡಿಸುವದರಲ್ಲಿ ಕಳೆದರು. ತಾಯಿಗಿಂತ ಮೊದಲೇ 2004ರಲ್ಲಿ ಮಗಳು ತೀರಿಕೊಂಡರು, ತಾಯಿಯು 2009ರಲ್ಲಿ. ಮೂರು ತಲೆಮಾರುಗಳ ಹೆಂಗಸರು ಕೂಡಿ ಹೊತ್ತ ಭಾರವಿದು. ಲೋಕಕ್ಕೆ ಕೇಳಿಸಿದ್ದು ನಡುವಿನವರ ಹೆಸರೇ. ಹಾಗಿದ್ದರೂ ಇಲ್ಲಿ ಒಂದು ವ್ಯತ್ಯಾಸ ಉಂಟು. ಅಂಬಾಬಾಯಿಯು ಬಲ್ಲಳು, ಬಲ್ಲವಳಾಗಿ ಕೊಟ್ಟಳು.

ಈಗ ಭೀಮಸೇನರ ಸಂಗತಿಯಲ್ಲಿ ಹೇಳಲಿಕ್ಕೆ ಕಷ್ಟವಾದ ಭಾಗಕ್ಕೆ ಬಂದೆವು. 1944ರಲ್ಲಿ ಅವರಿಗೆ ಸೋದರಮಾವನ ಮಗಳಾದ ಸುನಂದಾ ಕಟ್ಟಿಯವರೊಡನೆ ಮದುವೆಯಾಯಿತು. ಈ ದಂಪತಿಗಳಿಗೆ ನಾಲ್ಕು ಮಂದಿ ಮಕ್ಕಳು. ಅನಂತರ ‘ಭಾಗ್ಯಶ್ರೀ’ ಎಂಬ ಕನ್ನಡ ನಾಟಕದಲ್ಲಿ ತಮ್ಮೊಡನೆ ಪಾತ್ರ ಮಾಡಿದ ವತ್ಸಲಾ ಮುಧೋಳಕರರನ್ನು 1951ರಲ್ಲಿ ಮದುವೆಯಾದರು. ಹಿಂದೂ ಜನರಲ್ಲಿ ಒಬ್ಬ ಹೆಂಡತಿಯಿರುವಾಗ ಇನ್ನೊಬ್ಬಳನ್ನು ಮದುವೆಯಾಗಬಾರದೆಂದು ಮುಂಬಯಿ ಇಲಾಖೆಯಲ್ಲಿ 1946ರಲ್ಲಿಯೇ ಕಾನೂನಾಗಿತ್ತು. ದೇಶಕ್ಕೆಲ್ಲಾ ಆ ಕಾನೂನು ಬಂದದ್ದು 1955ರಲ್ಲಿ. ಆದದರಿಂದ ಅವರು ಆಗ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ನಾಗಪುರದಲ್ಲಿ ವಾಸ ಮಾಡಿ ಅಲ್ಲಿ ಈ ಮದುವೆ ಮಾಡಿಕೊಂಡರು. ಮೊದಲನೇ ಹೆಂಡತಿಯನ್ನು ಬಿಟ್ಟುಬಿಡಲಿಲ್ಲ. ಎರಡೂ ಕುಟುಂಬಗಳು ಕೆಲವು ಕಾಲ ಒಂದೇ ಮನೆಯಲ್ಲಿದ್ದು ನೋಡಿದವು, ಹೊಂದಿಕೆಯಾಗಲಿಲ್ಲ. ಸುನಂದಾಬಾಯಿಯವರು ನಾಲ್ಕು ಮಕ್ಕಳನ್ನು ಕರಕೊಂಡು ಪುಣೆಯ ಸದಾಶಿವ ಪೇಟೆಯಲ್ಲಿ ಬೇರೆ ಮನೆ ಮಾಡಿದರು. ಎರಡನೇ ಮನೆಯಲ್ಲಿ ಮೂರು ಮಂದಿ ಮಕ್ಕಳಾದರು.

ಇಂಥ ವಿಷಯದಲ್ಲಿ ನಮ್ಮ ಸಭೆಗಳ ನಿಯಮವೇನೆಂದು ಎಲ್ಲರೂ ಬಲ್ಲಿರಿ. ಅದನ್ನು ಹಿಡಿದು ಹೊರಗಿನವರೊಬ್ಬರಿಗೆ ತೀರ್ಪು ಹೇಳುವದು ಈ ಪಾಠದ ಉದ್ದೇಶವಲ್ಲ. ಹಾಗೆ ಮಾಡಿದರೆ ನಾವು ಕಲಿಯುವದೇನೂ ಇಲ್ಲ. ನಮ್ಮ ಮನೆಗಳನ್ನು ನೋಡಿಕೊಳ್ಳುವದು ಮಾತ್ರ ತಪ್ಪಿಹೋಗುವದು.

ಆ ವರುಷಗಳಲ್ಲಿ ಅವರ ಕೀರ್ತಿಯು ಹರಡುತ್ತಾ ಹೋಯಿತು. ಇಂದು ಈ ಊರಿನಲ್ಲಿ ಕಚೇರಿ, ನಾಳೆ ಮತ್ತೊಂದು ಪ್ರಾಂತದಲ್ಲಿ. ಮೋಟಾರು, ರೈಲು, ವಿಮಾನ ಎಂದು ತಿರುಗಾಟಕ್ಕೆ ಕೊನೆಯಿರಲಿಲ್ಲ. ಗುರುಗಳು 1952ರಲ್ಲಿ ತೀರಿಕೊಂಡ ಮೇಲೆ ಅವರ ಸ್ಮರಣೆಗಾಗಿ 1953ರಿಂದ ಪುಣೆಯಲ್ಲಿ ನಡೆದು ಬಂದ ಸವಾಯಿ ಗಂಧರ್ವ ಸಂಗೀತೋತ್ಸವವನ್ನು ಬಹು ವರುಷ ಮುಂದೆ ನಿಂತು ನಡಿಸಿದರು. ಗುರುವಿನ ಋಣವನ್ನು ತೀರಿಸುವದರಲ್ಲಿ ಅವರು ಯಾವ ಲೋಪವನ್ನೂ ಮಾಡಲಿಲ್ಲ. ದಾಸರ ಪದಗಳನ್ನು ಅವರ ಧ್ವನಿಯಲ್ಲಿ ಕೇಳದ ಕನ್ನಡಿಗರು ಕಡಿಮೆ. ಪದ್ಮಶ್ರೀ, ಪದ್ಮಭೂಷಣ, ಪದ್ಮವಿಭೂಷಣಗಳ ತರುವಾಯ ದೇಶದ ಅತ್ಯುನ್ನತ ಬಿರುದಾದ ಭಾರತರತ್ನವು ಅವರಿಗೆಂದು 2008ರಲ್ಲಿ ಪ್ರಕಟವಾಯಿತು. 2011ನೇ ಇಸವಿ ಜನವರಿ 24ರಂದು ಪುಣೆಯಲ್ಲಿ ದೇಹ ಬಿಟ್ಟರು. ಸುನಂದಾಬಾಯಿಯವರು 1992ರಲ್ಲಿಯೂ ವತ್ಸಲಾಬಾಯಿಯವರು 2005ರಲ್ಲಿಯೂ ಮೊದಲೇ ತೀರಿದ್ದರು. ಈ ಕೀರ್ತಿಯ ನಡುವೆ ಬಹಳ ವರುಷ ಅವರು ಕುಡಿತದೊಡನೆ ಹೋರಾಡಬೇಕಾಯಿತೆಂಬದೂ ಗುಟ್ಟಾದ ಸಂಗತಿಯಲ್ಲ.

ಇಲ್ಲಿ ಸ್ವಲ್ಪ ನಿಂತು ವಿಚಾರಿಸಬೇಕು. ಹಾಡಿಗಾಗಿ ಬಾಲ್ಯದಲ್ಲಿ ಮನೆ ಬಿಟ್ಟದ್ದು ಒಂದು. ಕಚೇರಿಗಳಿಗಾಗಿ ಮನೆಯಲ್ಲಿ ಇರಲಾರದೆ ಹೋದದ್ದು ಒಂದು. ಕುಡಿತವು ಒಂದು, ಎರಡನೇ ಮದುವೆಯು ಇನ್ನೊಂದು. ಇವೆಲ್ಲವೂ ಒಂದೇ ಜಾತಿಯವುಗಳಲ್ಲ. ಮೊದಲಿನ ಎರಡು, ಆ ವಿದ್ಯೆಗೆ ಕೊಡಬೇಕಾದ ಬೆಲೆ ಎಂದು ಒಪ್ಪಬಹುದು. ಹಗಲಿರುಳು ಸಾಧನೆಯಿಲ್ಲದೆ ಅಂಥ ಕಂಠವು ಸಿದ್ಧವಾಗುವದಿಲ್ಲ. ಕಡೆಯ ಎರಡನ್ನು ಸಂಗೀತವು ಕೇಳಲಿಲ್ಲ. ಆದರೆ ಒಬ್ಬನಿಗೆ ದೊಡ್ಡ ಹೆಸರು ಬಂದ ಮೇಲೆ ಜನರು ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ದೊಡ್ಡವರು ಹಾಗೆಯೇ, ಕಲೆಯುಳ್ಳವರು ಹಾಗೆಯೇ ಎಂದು ಮುಗಿಸಿಬಿಡುವರು. ಆ ಗಂಟನ್ನು ಬಿಚ್ಚಿ ನೋಡುವವರು ಮನೆಯವರು ಮಾತ್ರ. ತಂದೆಯು ಬಾರದ ರಾತ್ರಿಯಲ್ಲಿ ಇದು ಕಚೇರಿಗಾಗಿಯೋ ಬೇರೆಯದಕ್ಕಾಗಿಯೋ ಎಂದು ಮಕ್ಕಳು ತಿಳಿಯದೆ ಇರುವದಿಲ್ಲ. ದೊಡ್ಡ ಕೆಲಸದ ಹೆಸರಿನಲ್ಲಿ ಎಷ್ಟು ಸಣ್ಣ ಸಂಗತಿಗಳು ನುಸುಳಿಕೊಳ್ಳುವವು! ಊರ ಪಂಚಾಯತಿಯ ಕೆಲಸವೆಂದು ಹೊರಟವನು ಬಸ್ ನಿಲ್ದಾಣದ ಚಹದ ಅಂಗಡಿಯಲ್ಲಿ ಹೊತ್ತು ಕಳೆಯುವದೂ ಈ ಜಾತಿಯದೇ. ಸಭೆಯ ಕೆಲಸವೆಂದು ಹೇಳಿ ಮನೆಯ ಮಾತಿನಿಂದ ತಪ್ಪಿಸಿಕೊಳ್ಳುವ ಉಪದೇಶಿಗಳೂ ಉಂಟು. ಅವರಲ್ಲಿ ನಾನಿಲ್ಲವೆಂದು ಹೇಳಲಾರೆನು.

ಭೀಮಸೇನರ ಹಿರಿಯ ಮಗ ರಾಘವೇಂದ್ರ ಜೋಶಿಯವರು ತಂದೆಯನ್ನೂ ತಮ್ಮ ಬಾಲ್ಯವನ್ನೂ ಕುರಿತು ಮರಾಠಿಯಲ್ಲಿ ಒಂದು ಪುಸ್ತಕವನ್ನು ಬರೆದಿದ್ದಾರೆ. ಅದರ ಇಂಗ್ಲಿಷ್ ಭಾಷಾಂತರವು 2016ರಲ್ಲಿ ಬಂತು. ಮೊದಲನೇ ಮನೆಯ ಕಷ್ಟವನ್ನು ಅವರು ಮುಚ್ಚಿಡಲಿಲ್ಲ. ತಂದೆಯ ಹಾಡಿನ ಮೇಲೆ ತಮಗಿದ್ದ ಪ್ರೀತಿಯನ್ನೂ ಮುಚ್ಚಿಡಲಿಲ್ಲ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯುವದಕ್ಕೆ ಎಷ್ಟು ತಾಳ್ಮೆ ಬೇಕೆಂಬದನ್ನು ನೊಂದವರು ಬಲ್ಲರು. ಪುಸ್ತಕದ ಹೆಸರು ‘ಗಾಣಾರ್‍ಯಾಚೆ ಪೋರ್’. ಕನ್ನಡದಲ್ಲಿ ಹೇಳುವದಾದರೆ, ಹಾಡುವವನ ಮಗು.

ಅಂಗಿಯ ಮಾತು ನೆನಪಿದೆಯಷ್ಟೆ. ಮಗನು ಕಳೆದುಹೋಗಬಾರದೆಂದು ತಂದೆಯು ಅಂಗಿಯ ಮೇಲೆ ಇಂಥವರ ಮಗನೆಂದು ಬರೆದರು. ಆ ಮಗನು ದೊಡ್ಡವನಾಗಿ ತಂದೆಯಾದ ಮೇಲೆ, ನಾನು ಇಂಥವರ ಮಗನೆಂದು ಮೊಮ್ಮಗನು ತಾನೇ ಬರೆದುಕೊಳ್ಳಬೇಕಾಯಿತು. ಗದಗದ ಬೀದಿಯಲ್ಲಿ ಕಳೆದುಹೋಗುತ್ತಿದ್ದವನು ಮಗನು. ಪುಣೆಯ ಮನೆಯಲ್ಲಿ ಕಾಣದೆ ಹೋಗುತ್ತಿದ್ದವನು ತಂದೆ.

ಹಾಗಾದರೆ ಆ ಹುಡುಗನು 1933ರಲ್ಲಿ ಮನೆಯಲ್ಲಿಯೇ ಕುಳಿತಿರಬೇಕಾಗಿತ್ತೇ ಎಂದು ಕೆಲವರು ಕೇಳುವರು. ಹಿಂದೊಮ್ಮೆ ಸಂಜೆಯ ಕೂಟದಲ್ಲಿ ಈ ಸಂಗತಿಯನ್ನು ಹೇಳಿದಾಗ ಒಬ್ಬ ತರುಣನು ಎದ್ದು ನಿಂತು ಇದನ್ನೇ ಕೇಳಿದನು. ಆತನು ಕೇಳಿದ್ದು ನ್ಯಾಯವೇ. ಕುಳಿತಿದ್ದರೆ ರೋಣದ ಹೆಸರು ಇಷ್ಟು ದೂರ ಕೇಳಿಸುತ್ತಿರಲಿಲ್ಲ. ಎಷ್ಟೋ ಜನರ ಕಣ್ಣೀರನ್ನು ಒರಸಿದ ಆ ಧ್ವನಿಯು ಲೋಕಕ್ಕೆ ಸಿಕ್ಕುತ್ತಿರಲಿಲ್ಲ. ಹೊರಡಬಾರದೆಂದು ನಾನು ಹೇಳಲಾರೆನು. ಹೊರಟವನು ಹೋದ ದಾರಿಯನ್ನು ಮಾತ್ರ ಅಳೆಯದೆ, ಹಿಂದೆ ಉಳಿದವರು ನಿಂತ ಸ್ಥಳವನ್ನೂ ಅಳೆಯಬೇಕೆಂಬದಿಷ್ಟೇ ನನ್ನ ಮಾತು. ಸತ್ಯವೇದದಲ್ಲಿ ಯೆಫ್ತಾಹನ ಸಂಗತಿಯನ್ನು ಓದಿದವರಿಗೆ ಇದು ಹೊಸತಲ್ಲ. ಜಯವನ್ನು ಬಯಸಿ ಹರಕೆ ಹೊತ್ತವನು ತಂದೆ. ಆ ಹರಕೆಯು ಬಂದು ಬಿದ್ದದ್ದು ಬಾಗಿಲಿನಿಂದ ದಮ್ಮಡಿ ಬಡಿಯುತ್ತಾ ಎದುರುಗೊಳ್ಳಲಿಕ್ಕೆ ಬಂದ ಮಗಳ ಮೇಲೆ.

ನಮ್ಮ ಊರುಗಳಿಂದ ಈಗ ಸಂಗೀತಕ್ಕಾಗಿ ಓಡಿಹೋಗುವವರು ಕಡಿಮೆ. ಆದರೆ ಹೊರಡುವವರು ಕಡಿಮೆಯಾಗಿಲ್ಲ. ಮಳೆ ತಪ್ಪಿದ ವರುಷ ಗೋವೆಗೂ ಮಂಗಳೂರಿಗೂ ದುಡಿಯುವದಕ್ಕೆ ಹೋಗುವವರನ್ನು ಇಲ್ಲಿ ನಾನು ಎಣಿಸುವದಿಲ್ಲ. ಅದು ಆಶೆಯಲ್ಲ, ಹೊಟ್ಟೆಯ ಪಾಡು. ನಾನು ಹೇಳುವದು ಬೇರೆಯವರ ಸಂಗತಿ. ದೊಡ್ಡ ನೌಕರಿಯ ಪರೀಕ್ಷೆಗೆ ಓದಬೇಕೆಂದು ಧಾರವಾಡದಲ್ಲಿ ಕೋಣೆ ಹಿಡಿದು ಮೂರು, ನಾಲ್ಕು, ಐದು ವರುಷ ಕೂಡುವ ತರುಣರು. ಅಂಗಡಿಯನ್ನು ದೊಡ್ಡದು ಮಾಡಬೇಕೆಂದು ಸಾಲದ ಮೇಲೆ ಸಾಲ ತೆಗೆಯುವ ಗೃಹಸ್ಥರು. ಚುನಾವಣೆಗೆ ನಿಂತು ಹೊಲವನ್ನು ಒತ್ತೆಯಿಡುವವರು. ಇವರ ಆಶೆಗಳೆಲ್ಲವೂ ಕೆಟ್ಟವುಗಳಲ್ಲ. ಧಾರವಾಡದ ಕೋಣೆಯ ಬಾಡಿಗೆಯು ಯಾವ ಹೊಲದ ಕಡಲೆಯಿಂದ ಬಂತು, ಆ ವರುಷ ಮನೆಯಲ್ಲಿ ಯಾರ ಔಷಧ ನಿಂತಿತು, ಯಾವ ಹುಡುಗಿಯ ಮದುವೆಯು ಮುಂದಕ್ಕೆ ಹೋಯಿತು ಎಂಬದನ್ನು ಓದುವವನು ತಿಳಿದಿದ್ದಾನೋ? ತಿಳಿಯಬಾರದೆಂದು ಮನೆಯವರೇ ಮುಚ್ಚಿಡುವದೂ ಉಂಟು. ನೀನು ಓದು, ಇಲ್ಲಿ ಎಲ್ಲಾ ಸುಖವಾಗಿದೆ ಎಂದು ಹೇಳುವರು. ಪ್ರೀತಿಯಿಂದಲೇ ಹೇಳುವರು. ಆದರೆ ಆ ಒಂದು ಮಾತಿನಿಂದ ಓದುವವನು ಕುರುಡನಾಗುವನು.

ಆದದರಿಂದ ಮನೆಯಲ್ಲಿ ಒಬ್ಬರು ದೊಡ್ಡ ಕೆಲಸಕ್ಕೆ ಹೊರಡುವಾಗ, ಹೊರಡುವ ಮುಂಚೆ ಒಂದು ಸಂಜೆ ಎಲ್ಲರೂ ಕೂಡಿ ಕುಳಿತುಕೊಳ್ಳುವದು ಒಳ್ಳೇದು. ಹೆಂಗಸರನ್ನೂ ಮಕ್ಕಳನ್ನೂ ಬಿಟ್ಟು ಕೂಡ್ರಬೇಡಿರಿ. ಯಾರು ಏನು ಬಿಡಬೇಕಾದೀತು, ಎಷ್ಟು ಕಾಲದ ವರೆಗೆ, ಆ ಮೇಲೆ ಅವರಿಗೆ ಅದನ್ನು ತಿರುಗಿ ಕೊಡುವದು ಹೇಗೆ ಎಂದು ಬಾಯಿಬಿಟ್ಟು ಮಾತಾಡಿರಿ. ತಿರುಗಿ ಕೊಡಲಾರದಂಥವುಗಳೂ ಇರುವವು. ಅವುಗಳ ಹೆಸರನ್ನಾದರೂ ಹೇಳಿರಿ.

ಇದನ್ನು ನಾನು ನನ್ನ ತಪ್ಪಿನಿಂದ ಕ‌ಲಿತೆನು. ನಾನು ಸೆಮಿನರಿಗೆ ಹೋದ ವರುಷ ತಾಯಿಯು ಎಮ್ಮೆಯನ್ನು ಮಾರಿದಳು. ಅದು ನನಗೆ ಗೊತ್ತಿತ್ತು. ಆರನೇ ತರಗತಿಯಲ್ಲಿ ಓದುತ್ತಿದ್ದ ತಂಗಿಯನ್ನು ಸಾಲೆ ಬಿಡಿಸಿ ಹತ್ತಿ ಬಿಡಿಸುವದಕ್ಕೆ ಕೂಲಿಗೆ ಕಳುಹಿಸಿದರೆಂಬದು ಗೊತ್ತಿರಲಿಲ್ಲ. ಬರುವ ಕಾಗದಗಳಲ್ಲೆಲ್ಲಾ ಸರ್ವರೂ ಕ್ಷೇಮವೆಂದೇ ಇರುತ್ತಿತ್ತು. ನಾನು ಸರ್ಟಿಫಿಕೀಟು ಹಿಡಿದು ಊರಿಗೆ ಬಂದ ದಿನ ಸಭೆಯವರು ಹಾರ ಹಾಕಿದರು. ಹಿಂದೆ ನಿಂತಿದ್ದ ತಂಗಿಯ ಕೈಗಳನ್ನು ನಾನು ಆ ದಿನ ನೋಡಲಿಲ್ಲ. ಇಪ್ಪತ್ತು ವರುಷ ಕಳೆದ ಮೇಲೆ, ಈ ಪಾಠವನ್ನು ಬರೆಯಲಿಕ್ಕೆ ಕುಳಿತಾಗಲೇ, ಆಕೆಯ ಮನೆಗೆ ಹೋಗಿ ಕೇಳಿದೆನು: ತಂಗೀ, ಸಾಲೆ ಬಿಟ್ಟದ್ದಕ್ಕೆ ನಿನಗೆ ನನ್ನ ಮೇಲೆ ಸಿಟ್ಟಿತ್ತೇ?

ಆಕೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಿಟ್ಟೇನಿಲ್ಲ ಬಿಡು ಅಣ್ಣಾ. ಭಿನ್ನರಾಶಿ ಲೆಕ್ಕ ಅರ್ಧಾ ಹೇಳಿಕೊಟ್ಟಿದ್ರು. ಉಳದದ್ದು ಹಂಗ ಉಳೀತು ನೋಡು,” ಅಂದಳು. ಈಗ ಆಕೆಯ ಮಗಳು ಅದೇ ತರಗತಿಯಲ್ಲಿದ್ದಾಳೆ. ಹುಡುಗಿಯು ಆ ಲೆಕ್ಕಗಳನ್ನು ತಂದು ಕೇಳಿದರೆ ನೆರೆಮನೆಗೆ ಕಳುಹಿಸುತ್ತಾಳಂತೆ. ಇಷ್ಟು ಹೇಳಿ, ಉಂಡು ಹೋಗಬೇಕೆಂದು ನನಗೆ ಒತ್ತಾಯ ಮಾಡಿ, ರೊಟ್ಟಿ ಬಡಿಯುವದಕ್ಕೆ ಒಳಗೆ ಹೋದಳು.